ಎದುರು ಮನೆಗೆ ಕೊಟ್ಟ ಸಸಿ

ಕೆರೆ ಮರಳಿ ತುಂಬಿದ ನಲವತ್ತೆರಡನೆಯ ವರ್ಷ, ಎರಡನೆಯ ಚೈತ್ರ.

ಮುತ್ತಜ್ಜಿ ಮುನಿರತ್ನಮ್ಮನವರ ಪಾದಗಳಿಗೆ ಕೋಲಾರ ಸೀಮೆಯಿಂದ ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಕದಿರಮ್ಮ ಮಾಡುವ ನಮಸ್ಕಾರ. ಚೈತ್ರ ಎರಡು ಸಲ ಬರುತ್ತದೆಯೇ ಎಂದು ನಗಬೇಡಿ. ಬೇಸಿಗೆ ಉದ್ದವಾಯಿತು, ಪಂಚಾಂಗವನ್ನೂ ಹಿಗ್ಗಿಸಿಕೊಂಡೆವು. ನನ್ನ ಮಾತು ಅಲ್ಲಲ್ಲಿ ಅರ್ಥವಾಗದಿದ್ದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡ ನನಗೂ ಅಷ್ಟಕ್ಕಷ್ಟೆ.

ಇದನ್ನು ನಾವು ನೆಟ್ಟೋಲೆ ಎನ್ನುತ್ತೇವೆ. ಯಾವ ಮರ ಕಡಿಯಬೇಕಾದರೂ ನೆಟ್ಟವರಿಗೆ ಹೇಳಿಯೇ ಕಡಿಯಬೇಕು, ಅವರು ತೀರಿಕೊಂಡು ನೂರು ವರ್ಷವಾಗಿದ್ದರೂ. ಓಲೆ ಬರೆದು ಬುಡದಲ್ಲಿ ನಿಂತು ಓದಿದ ಮೇಲೆಯೇ ಕೊಡಲಿ ಎತ್ತುವುದು. ನಾಳೆ ನಿಮ್ಮ ಮೆಣಸಿನ ಮರದ ಸರದಿ.

ಬಳ್ಳಿಯ ಮೆಣಸಲ್ಲ, ನಿಮಗೇ ಗೊತ್ತಲ್ಲ. ಜಡೆ ಬಿಚ್ಚಿದ ಹಾಗೆ ಎಲೆ ಇಳಿಬಿಟ್ಟ, ಹಿಸುಕಿದರೆ ಮೆಣಸಿನ ಘಾಟು ಬರುವ ಪರದೇಶದ ಮರ. ನೀವು ನರ್ಸರಿಯಿಂದ ಎರಡು ಸಸಿ ತಂದು, ಒಂದನ್ನು ಅಂದಕ್ಕೆಂದು ಬಾಗಿಲ ಮುಂದೆ ನೆಟ್ಟು, ಇನ್ನೊಂದನ್ನು ಎದುರು ಮನೆಯವರು ಕೇಳಿದರೆಂದು ಕೊಟ್ಟಿರಂತೆ. ಕೈ ದೊಡ್ಡದು ನಿಮ್ಮದು. ಕೆಂಪು ಹಣ್ಣನ್ನು ಹಕ್ಕಿಗಳು ತಿಂದು ಗುಡ್ಡವೆಲ್ಲ ಬಿತ್ತಿದವು. ಕೆರೆಗೆ ನೀರು ಬರುವ ಹಳ್ಳದಲ್ಲೂ ಅದೇ ಮರ, ಅದರ ಕೆಳಗೆ ಒಂದು ಹೊಂಗೆ ಸಸಿಯೂ ಮೇಲೇಳಲಿಲ್ಲ. ನಾನು ಕಳೆಪಡೆಯ ಹಿರಿಯಳು. ಊರಿನ ಪ್ರತಿ ಮನೆಯಿಂದ ಒಬ್ಬರು ಬಂದು ಕಳೆಮರ ತೆಗೆಯುವ ಗುಂಪು ಅದು. ಹಣ್ಣು ಬಿಡುವ ಮರವನ್ನೆಲ್ಲ ಹುಡುಕಿ ಹುಡುಕಿ ತೆಗೆದೆವು. ಉಳಿದಿರುವುದು ನಿಮ್ಮದೊಂದೇ.

ನನ್ನ ಸೊಸೆ ಇಲ್ಯಾರಿ ಈ ಮರ ಹುಟ್ಟಿದ ದೇಶದವಳು. ಅಲ್ಲಿನ ಬೆಟ್ಟದ ಹಿಮ ಕರಗಿ ನೀರಿಲ್ಲದಾದಾಗ ಅವಳ ಜನ ಇಲ್ಲಿಗೆ ಬಂದರು. ಮದುವೆಯಾಗಿ ಮನೆಗೆ ಬಂದ ದಿನ ಹೊಸ್ತಿಲ ಅಕ್ಕಿ ಒದೆಯುವುದನ್ನು ಬಿಟ್ಟು ನಿಮ್ಮ ಮರ ತಬ್ಬಿಕೊಂಡು ಅತ್ತಳು. 'ಮೊಯ್ಯೆ' ಅಂದಳು. ಅವರ ಕಡೆ ಅದರ ಹೆಸರು ಅದು. ಈಗ ಅವಳು ಬಸುರಿ, ತೊಟ್ಟಿಲು ಇದರ ಕೆಳಗೇ ಕಟ್ಟಬೇಕೆಂಬ ಆಸೆ. ಊರಿಗೊಂದು ನ್ಯಾಯ, ನನ್ನ ಮನೆಗೊಂದು ನ್ಯಾಯವೇ ಎಂದು ನಾನು ಒಪ್ಪಲಿಲ್ಲ. ಇಷ್ಟು ಬರೆಯುವಾಗ ಅವಳು ಹಿಂದೆ ಬಂದು ನಿಂತಿದ್ದಳು.

"ಅತ್ತೆ, ತಾಯಂದಿರ್ನೆಲ್ಲಾ ಕಡ್ದು ತಂದೇರ್ನ ಯಾಕ್ ಬಿಟ್ರಿ?" ಎಂದಳು.

ಓಲೆ ಅಲ್ಲಿಗೇ ನಿಂತಿತು.

ಈಗ ಪುಷ್ಯ ಮಾಸ, ಮುಂದುವರಿಸುತ್ತೇನೆ. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ; ಗಂಡು ಹೂ ಬಿಡುತ್ತದೆ, ಹಣ್ಣು ಬಿಡುವುದಿಲ್ಲ. ಹಣ್ಣಿಲ್ಲದ ಮರ ಪಾಪದ್ದು, ಯಾರಿಗೂ ಕೇಡಿಲ್ಲ ಎಂದು ನಾವು ಗಂಡುಗಳನ್ನೆಲ್ಲ ಸಾಲುಸಾಲಾಗಿ ಬಿಟ್ಟಿದ್ದೆವು. ಎದುರು ಮನೆಯದೂ ಗಂಡೇ. ಅವು ಹೋದರೆ ನಿಮ್ಮ ಮರ ಹಣ್ಣು ಕಟ್ಟದೆ ಬರೀ ನೆರಳಾಗಿ ಉಳಿಯುತ್ತದೆ, ಇಲ್ಯಾರಿ ಹೇಳಿದ್ದು ಅದನ್ನೇ. ಪಡೆಯ ಮುನೆಂಕಟ, "ಒಂದು ಮುದುಕಿ ಮರಕ್ಕೋಸ್ಕರ ಗುಡ್ಡ ಎಲ್ಲಾ ಹತ್ತಬೇಕೇನಕ್ಕಾ?" ಎಂದು ಗೊಣಗಿದ. ಗೊಣಗುತ್ತಲೇ ಕೊಡಲಿ ಮಸೆದ. ಆ ಗಂಡು ಮರಗಳೂ ಹೇಗೂ ಹಳ್ಳದ ನೀರು ಕುಡಿಯುತ್ತಿದ್ದವಲ್ಲ. ಹೂವಿನ ಕಾಲಕ್ಕೆ ಮೊದಲೇ ಎಲ್ಲವನ್ನೂ ತೆಗೆದೆವು, ಸಣ್ಣವನ್ನೂ ಬಿಡಲಿಲ್ಲ. ಆದರೂ ಊರಿಗೆ ಮಾತು ಕೊಟ್ಟೆ: ಪುಷ್ಯದಲ್ಲಿ ಒಂದೇ ಒಂದು ಹಣ್ಣು ಕಂಡರೂ ಮರ ಇರುವುದಿಲ್ಲ.

ಇವತ್ತು ಬೆಳಿಗ್ಗೆ ಊರೇ ಬಂದು ಕೊಂಬೆ ಕೊಂಬೆ ಸರಿಸಿ ನೋಡಿತು. ಇಲ್ಯಾರಿ ನೋಡಲಾರದೆ ಮಗುವನ್ನು ಎತ್ತಿಕೊಂಡು ಒಳಗೇ ಕೂತಿದ್ದಳು. ಒಂದೊಂದು ಗೊಂಚಲನ್ನೂ ನಾನು ಎರಡೆರಡು ಸಲ ತಿರುವಿ ನೋಡಿದೆ, ಮುತ್ತಜ್ಜಿ, ಸುಳ್ಳು ಹೇಳುವುದಿಲ್ಲ. ಗೊಂಚಲೆಲ್ಲ ಒಣಗಿತ್ತು, ಒಂದು ಹಣ್ಣೂ ಇರಲಿಲ್ಲ. ಮುನೆಂಕಟನೇ ಮೇಲೆ ಹತ್ತಿ ತೊಟ್ಟಿಲ ಹಗ್ಗ ಬಿಗಿದ. ಕೂಸಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದೇವೆ, ಈಗ ಆ ತೊಟ್ಟಿಲಲ್ಲೇ ಮಲಗಿದೆ.

ಚೈತ್ರದಲ್ಲಿ ಈ ಓಲೆ ಬರೆಯಲು ಕೂತಾಗ, ಆ ಸಸಿ ನೆಡಲೇಬೇಡಿ ಎಂದು ಕೊನೆಯಲ್ಲಿ ಬರೆಯಬೇಕೆಂದಿದ್ದೆ. ನೆಡಿ, ಮುತ್ತಜ್ಜಿ. ದಿನಾ ಒಂದು ಕೊಡ ನೀರು ಹಾಕಿ. ಎದುರು ಮನೆಯವರು ಕೇಳಿದರೆ ಮಾತ್ರ, ನಿಮ್ಮ ದಮ್ಮಯ್ಯ, ಅವರಿಗೊಂದು ಹೊಂಗೆ ಸಸಿ ಕೊಡಿ.