ಸೇತುವೆ ಕೆಳಗಿನ ನೀರು

ಮಾರ್ಚ್ 3, ಬೆಳಿಗ್ಗೆ 11
ಇವತ್ತು ನೀರಿನ ಸ್ಯಾಂಪಲ್‌ಗೆ ಹಳ್ಳದ ಸರದಿ. ಬಾಟಲಿ ತೊಳೆದು, ಚೀಟಿ ಅಂಟಿಸಿಕೊಂಡು ಹೋದೆ. ಸೇತುವೆ ಕೆಳಗೆ ನೀರು ಡಿಕಾಕ್ಷನ್ ಬಣ್ಣ. ಘಾಟು ನೆತ್ತಿಗೇರಿತು. ದಂಡೆಯ ಮೇಲೆ ಟೈಲರ್ ಅಕ್ಕ, ಜೊತೆಗೆ ಮಗಳು. ಹುಡುಗಿಯ ಕಾಲು ತೋರಿಸಿದಳು — ಮೊಣಕಾಲವರೆಗೆ ಕೆಂಪು ಗುಳ್ಳೆ.
"ವರ್ಷಗಟ್ಟಲೆ ಬಾಟ್ಲಿ ತುಂಬ್ಕೊಂಡು ಹೋಗ್ತೀರಿ ಮೇಡಂ. ಏನಿತ್ತು ಅಂತ ಒಂದು ದಿನವಾದ್ರೂ ಬಂದು ಹೇಳಿದ್ದೀರಾ?"
ಮುಚ್ಚಳ ಬಿಗಿ ಮಾಡಿದೆ. ಮೊದಲೇ ಬಿಗಿಯಾಗಿತ್ತು.

ಮಾರ್ಚ್ 5
ಅಮೋನಿಯಾ ಮಿತಿಗಿಂತ ಒಂಬತ್ತು ಪಟ್ಟು. ಸೀಸವೂ ಇದೆ. ಎರಡು ಸಲ ಪರೀಕ್ಷೆ ಮಾಡಿದೆ, ಅದೇ.
ಲ್ಯಾಬಿನ ಸಾಹೇಬರು ಹಾಳೆಯನ್ನು ಮಗುಚಿಟ್ಟರು. "ಕಸದ ಗುಡ್ಡೆಗಿಂತ ಮೇಲ್ಗಡೆ ಇನ್ನೊಂದು ಸ್ಯಾಂಪಲ್ ತಗೊಳ್ಳಿ. ಅದನ್ನೇ ಫೈಲಿಗೆ ಹಾಕೋಣ."
ಮೇಲ್ಗಡೆ ನೀರು ತಿಳಿಯಾಗಿಯೇ ಇರುತ್ತದೆ, ಇಬ್ಬರಿಗೂ ಗೊತ್ತು. "ಆಯ್ತು ಸರ್" ಅಂದೆ. ಯಾಕೆ ಅಂದೆ?

ಮಾರ್ಚ್ 7
ಹೊಸ ರಿಪೋರ್ಟ್ ಸಿದ್ಧ. ಸಹಿ ಹಾಕಿದೆ. ಹಳೇ ಹಾಳೆ ಬ್ಯಾಗಿನಲ್ಲಿದೆ... ಹರಿಯಲು ಮನಸ್ಸಾಗಲಿಲ್ಲ.

ಮಾರ್ಚ್ 9, ಭಾನುವಾರ
ಅಣ್ಣನ ಮನೆ. ಕಸದ ಗುಡ್ಡೆಯಲ್ಲಿ ಮಣ್ಣು ಅಗೆಯುವ ಯಂತ್ರ ಓಡಿಸುವವನು ಅವನೇ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು.
"ಹಳ್ಳಕ್ಕೆ ಅದು ಎಲ್ಲಿಂದ ಬರ್ತಿದೆ ಅಣ್ಣಾ?"
ಅಣ್ಣ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಅತ್ತಿಗೆ ಪಾತ್ರೆ ಸದ್ದು ಮಾಡುತ್ತ ಒಳಗೆ ಹೋದಳು. ನನ್ನನ್ನು ಹಿತ್ತಲಿಗೆ ಕರೆದ.
"ಕಸದಿಂದ ಇಳಿಯೋ ಕಪ್ಪು ನೀರು ನಿಲ್ಲೋಕೆ ಒಂದು ತೊಟ್ಟಿ ಇದೆಯಲ್ಲ, ಅದು ತುಂಬಿ ಎರಡು ವರ್ಷ ಆಯ್ತು. ಕಂಟ್ರಾಕ್ಟರ್ ಹಳ್ಳದವರೆಗೂ ಪೈಪ್ ಹೂಳಿಸಿದ. ಅಗೆದಿದ್ದು ನಾನೇ ಪುಟ್ಟಿ."
ಆಮೇಲೆ, ತಗ್ಗಿದ ದನಿಯಲ್ಲಿ — "ನಿಂಗೆ ಕೈ ಮುಗೀತೀನಿ, ಯಾರಿಗೂ ಹೇಳ್ಬೇಡ."

ಮಾರ್ಚ್ 10
ಹೇಳಿದರೆ ಅಣ್ಣ ಸಿಕ್ಕಿಬೀಳುತ್ತಾನೆ. ಹೇಳದಿದ್ದರೆ ಆ ಹುಡುಗಿಯ ಕಾಲು. ಲ್ಯಾಬಿನಲ್ಲಿ ಎರಡು ಗಾಜಿನ ಲೋಟ ಒಡೆದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಮಾರ್ಚ್ 18
ಒಂದು ವಾರ ಬರೆಯಲಿಲ್ಲ. ಹಳ್ಳದ ಬದಿಯವರು ಕಸದ ಲಾರಿಗಳನ್ನು ತಡೆದಿದ್ದಾರೆ, ಇವತ್ತಿಗೆ ನಾಲ್ಕು ದಿನ. ಟೈಲರ್ ಅಕ್ಕ ಹೊಲಿಗೆ ಮೆಷಿನ್ನನ್ನೇ ನಡುರಸ್ತೆಗೆ ತಂದು ಕೂತಿದ್ದಾಳೆ. ಡ್ರೈವರ್ ಹಾರನ್ ಒತ್ತಿದರೆ, "ಇರಪ್ಪಾ, ಒಂದು ತೋಳು ಬಾಕಿ ಇದೆ" ಅಂದಳಂತೆ.
ಶುಕ್ರವಾರ ಅಧಿಕಾರಿಗಳು ಸಭೆ ಕರೆದಿದ್ದಾರೆ. ಸಾಹೇಬರು ಓದುವುದು ನಾನು ಸಹಿ ಹಾಕಿದ ರಿಪೋರ್ಟ್.

ಮಾರ್ಚ್ 21, ಸಂಜೆ 6
ಸಭೆಯಲ್ಲಿ ಸಾಹೇಬರು "ನೀರಿನಲ್ಲಿ ದೋಷ ಕಂಡುಬಂದಿಲ್ಲ" ಎಂದು ಓದಿದರು. ಎದ್ದು ನಿಂತೆ. "ಅದು ಮೇಲಿನ ನೀರು. ಸೇತುವೆ ಕೆಳಗಿನದ್ದು ಇಲ್ಲಿದೆ." ಹಳೇ ಹಾಳೆಯ ಪ್ರತಿ ಅಂಕಿಯನ್ನೂ ಓದಿದೆ. ಪೈಪಿನ ವಿಷಯ ಎತ್ತಲಿಲ್ಲ.
ಕಂಟ್ರಾಕ್ಟರನ ವಕೀಲ ನಕ್ಕ. "ನಮ್ಮಿಂದಲೇ ಬಂತು ಅನ್ನೋಕೆ ಸಾಕ್ಷಿ ಯಾರು?"
ಹಾಳೆ ಮಡಚಿ ಬ್ಯಾಗಿಗಿಟ್ಟೆ.
"ನಾನು."
ಹಿಂದಿನಿಂದ. ಅಣ್ಣ. ಮಣ್ಣು ಮೆತ್ತಿದ ಬೂಟಿನಲ್ಲೇ ಬಂದಿದ್ದ. "ಪೈಪ್ ಹೂತಿದ್ದು ನಾನು. ಬನ್ನಿ, ತೋರಿಸ್ತೀನಿ." ನನ್ನ ಕಡೆ ನೋಡಲಿಲ್ಲ.
ಸಭೆಗೆ ಸಭೆಯೇ ಅವನ ಹಿಂದೆ ಹಳ್ಳದ ದಂಡೆಗೆ ನಡೆಯಿತು. ಗುದ್ದಲಿಯನ್ನು ಯಾರ ಕೈಗೂ ಕೊಡದೆ ಅವನೇ ಅಗೆದ. ಮೂರಡಿ ಆಳದಲ್ಲಿ ಪೈಪ್ ಸಿಕ್ಕಿತು. ಟೈಲರ್ ಅಕ್ಕ ಅವನ ಕೆನ್ನೆಗೊಂದು ಬಾರಿಸಿದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ಅಣ್ಣ ತಲೆ ತಗ್ಗಿಸಿ ನಿಂತೇ ಇದ್ದ.

ಮಾರ್ಚ್ 22, ಬೆಳಿಗ್ಗೆ 9:30
ಗುಡ್ಡೆಯ ಗೇಟಿಗೆ ಬೀಗ. ಅಣ್ಣನಿಗೆ ಕೆಲಸಕ್ಕೆ ಬರಬೇಡ ಎಂದರು. ಹತ್ತು ಗಂಟೆಗೆ ಇಬ್ಬರೂ ಸ್ಟೇಷನ್ನಿಗೆ, ಹೇಳಿಕೆ ಕೊಡಲು. ಸಾಹೇಬರು ಫೋನ್ ಮಾಡಿದ್ದರು, ಎತ್ತಲಿಲ್ಲ.
ಅಣ್ಣ ಬಂದಿದ್ದಾನೆ. ಇಸ್ತ್ರಿ ಮಾಡಿದ ಅಂಗಿ. "ಆ ಸಹಿ ವಿಷಯ ಕೇಳಿದ್ರೆ, ಸಾಹೇಬ್ರು ಹಾಕಿಸಿದ್ರು, ನಂಗೇನೂ ಗೊತ್ತಿರ್ಲಿಲ್ಲ ಅನ್ನು. ಮನೇಲಿ ಒಬ್ಬ ಸಿಕ್ಕಿಬಿದ್ದಿದ್ದು ಸಾಕು ಪುಟ್ಟಿ."
ಹೂಂ ಅಂದೆ. ಹಾಗೆ ಹೇಳುವವಳಲ್ಲ ನಾನು. ಮೊದಲ ಸಾಲಿನಲ್ಲೇ ಬರೆಸುತ್ತೇನೆ — ಸಹಿ ನನ್ನದು, ಎಲ್ಲಾ ಗೊತ್ತಿದ್ದೂ ನಾನೇ ಹಾಕಿದ್ದು.