ಕೆನಡಾ ಸಂಜೆಯಲ್ಲಿ ಕೆನಡಾದವಳಿಗೆ ಜಾಗವಿಲ್ಲ

ಇಂಗ್ಲಿಷ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ದೇಶವೆಂಬುದು ಬರೀ ಕಥೆ ಎಂದು ನನಗೆ ಕಲಿಸಿದವರು ನೀವು. ನಾನು ಕಥೆ ಬರೆದು ತಂದಾಗ, ನಿನ್ನ ದೇಶ ಇದಲ್ಲ ಎಂದು ಪಕ್ಕಕ್ಕೆ ಸರಿಸಿದವರೂ ನೀವೇ. ಕಳೆದ ತಿಂಗಳು ನಿಮ್ಮ ಸಂಜೆ ಕಾಲೇಜಿನಲ್ಲಿ ಕೆನಡಾ ಕಥಾಸಂಜೆ ನಡೆಯಿತು. ಇಡೀ ತರಗತಿಯಲ್ಲಿ ಕೆನಡಾದ ಪಾಸ್‌ಪೋರ್ಟು ಇದ್ದವಳು ನಾನೊಬ್ಬಳೇ. ಕಥೆ ಬರೆದೂ ಓದಲು ಅವಕಾಶ ಸಿಗದವಳೂ ನಾನೊಬ್ಬಳೇ. ಇದನ್ನು ನಾಲ್ಕು ಜನರ ಮುಂದೆ ಕೇಳೋಣವೆಂದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆಯುತ್ತಿದ್ದೇನೆ. ಧಾರವಾಡದವರಾದ ನೀವು ಇದನ್ನು ತಪ್ಪದೆ ಓದುತ್ತೀರಿ.

ನಾನು ಮೈಸೂರಿನವಳು, ಮದುವೆಯಾಗಿ ಹೋದದ್ದು ಕೆನಡಾದ ವಿನಿಪೆಗ್‌ಗೆ. ಮಗಳು ನಿರುಪಮಾ ಹುಟ್ಟಿದ್ದು ಅಲ್ಲೇ, ನಾನು ಕೈಯೆತ್ತಿ ಪ್ರಮಾಣ ಮಾಡಿ ಆ ದೇಶದ ಪ್ರಜೆಯಾದದ್ದೂ ಅಲ್ಲೇ. ಯಜಮಾನರಿಗೆ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಕೆಲಸವಾಗಿ ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದೆವು. ಇಲ್ಲಿ ಕೆನಡಾದ ಲೇಖಕಿಯೊಬ್ಬರ ಸಣ್ಣಕಥೆಗಳ ಪಾಠ, ಅದೂ ಕನ್ನಡದ ಮೇಷ್ಟರಿಂದ! ಓಡಿ ಬಂದು ಸೇರಿದೆ.

ಆಕೆಯ ಒಂದು ಕಥೆಯಲ್ಲಿ ದೇಶದ ಗಡಿ ಅಡುಗೆಮನೆಯ ನಡುವೆಯೇ ಹಾದುಹೋಗುತ್ತದೆ. ಒಲೆ ಒಂದು ದೇಶದಲ್ಲಿ, ಊಟದ ಮೇಜು ಇನ್ನೊಂದರಲ್ಲಿ. ಇನ್ನೇನು ಪೊಲೀಸರು ಬರಬೇಕು, ಅಷ್ಟರಲ್ಲಿ ಲೇಖಕಿಯೇ ಕಥೆಯೊಳಗೆ ನುಗ್ಗಿ, ಈ ಗಡಿ ಎಳೆದವಳು ನಾನು, ನಂಬಿದವರು ನೀವು ಎಂದುಬಿಡುತ್ತಾಳೆ. ಆಧುನಿಕೋತ್ತರ ಎಂದರೆ ಇದೇ ಎಂದಿರಿ. ಬಿಡುವಿನಲ್ಲಿ ನನಗೆ ಕನ್ನಡದಲ್ಲೇ ಬಿಡಿಸಿ ಹೇಳಿದಿರಿ: "ದೇಶ ಅಂದ್ರ ಮತ್ತ ಮತ್ತ ಹೇಳಿದ ಕಥಿ ತಂಗಿ. ಯಾರು ಹೇಳ್ತಾರೋ ಅದು ಅವರದ." ನಿಜವಾಗಿ ನೀನು ಎಲ್ಲಿಯವಳು ಎಂದು ಗ್ರೋಸರಿ ಅಂಗಡಿಯಲ್ಲಿ ಕೇಳಿದಾಗಲೆಲ್ಲ ತಡವರಿಸುತ್ತಿದ್ದವಳು ನಾನು. ಅಂದು ಫ್ರೀವೇ ಉದ್ದಕ್ಕೂ ಹಾಡಿಕೊಂಡು ಮನೆಗೆ ಹೋದೆ.

ಆ ಧೈರ್ಯದಲ್ಲೇ ಕಥಾಸಂಜೆಗೆಂದು ಒಂದು ಕಥೆ ಬರೆದೆ. ವಿನಿಪೆಗ್ ಚಳಿಯಲ್ಲಿ ಎಂಜಿನ್ ಹೆಪ್ಪುಗಟ್ಟದಿರಲೆಂದು ಕಾರಿಗೂ ಕರೆಂಟಿನ ವೈರು ಸಿಕ್ಕಿಸಬೇಕು. ನನ್ನ ಕಥೆಯ ಹೆಂಗಸು ಅದನ್ನು ಮರೆಯುತ್ತಾಳೆ. ಬೆಳಿಗ್ಗೆ ಆ ಕಾರು ಅವಳನ್ನು ಬಿಟ್ಟು, ಬರೆಯುತ್ತಿರುವ ನನ್ನನ್ನೇ ಬೈಯುತ್ತದೆ. ನಮ್ಮ ಮನೆಯಲ್ಲಿ ಬಿಸಿಬೇಳೆ ಭಾತ್ ಉಣ್ಣುತ್ತ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕವರು ನೀವು. ವಾರ ಕಳೆಯುವುದರೊಳಗೆ ನಿಮ್ಮ ಫೋನು ಬಂತು.

"ತಂಗಿ, ರೇಷ್ಮಿ ಸೀರಿ ಉಟ್ಕೊಂಡು ಬಾರವ್ವಾ. ಬಿಡುವಿನ್ಯಾಗ ನಮ್ಮ ಕಡೀದು ಒಂದು ಜನಪದ ಕಥಿ ಹೇಳು. ಕಾರಿನ ಕಥಿ ಬ್ಯಾಡ."

"ಯಾಕೆ ಸಾರ್? ಚೆನ್ನಾಗಿದೆ ಅಂದಿದ್ರಲ್ಲ?"

"ಛಲೋನ ಅದ. ಆದ್ರ ಕೆನಡಾದಿಂದ ದೊಡ್ಡ ಮಂದಿ ಬರ್ತಾರ. ಪಾಠ ಹೇಳಾಂವ ನಾ, ಕಥಿ ಓದಾಕಿ ನೀ. ಇಬ್ಬರೂ ನಾವ ಆದ್ರ, ಕೆನಡಾ ಎಲ್ಲದ ಅಂತ ಕೇಳ್ತಾರ."

ಆಹಾ! ಹಾಗಾದರೆ ಅಡುಗೆಮನೆಯ ಗಡಿ ಬರೀ ಕಥೆ, ನಿಮ್ಮ ವೇದಿಕೆಯ ಮುಂದಿನ ಗೆರೆ ಮಾತ್ರ ಸತ್ಯವೇ? ಬಿಳಿಯ ಲೇಖಕಿ ರಾಷ್ಟ್ರೀಯ ಅಸ್ಮಿತೆಯನ್ನು ಒಡೆದರೆ ಅದು ಪ್ರಯೋಗ. ನನಗೆ ಒಡೆಯಲು ಅಸ್ಮಿತೆಯೇ ಇಲ್ಲವೇ? ನನ್ನ ಬದಲು ಓದಿದವರು ಇಲ್ಲೇ ಹತ್ತಿರದ ಪ್ಲೆಸೆಂಟನ್ ಊರಿನ ಸಹಪಾಠಿ, ಹಿಮವನ್ನು ಸ್ಕೀಯಿಂಗ್ ರಜೆಯಲ್ಲಷ್ಟೇ ಕಂಡವರು. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದವನಿಗೆ ಕೆನಡಾ ಸಾಹಿತ್ಯ ಏನು ಗೊತ್ತು ಎಂದು ಯಾರಾದರೂ ಕೇಳಿಯಾರೆಂಬ ನಿಮ್ಮ ಹೆದರಿಕೆಯೂ ನನಗೆ ಅರ್ಥವಾಗುತ್ತದೆ. ಆದರೆ ಆ ಹೆದರಿಕೆಗೆ ನನ್ನನ್ನೇಕೆ ಬಲಿಕೊಟ್ಟಿರಿ? ಬೇರೆಯವರು ಮಾಡಿದ್ದರೆ ಹಾಳಾಗಲಿ ಎಂದು ಸುಮ್ಮನಿರುತ್ತಿದ್ದೆ. ಬಾಯ್ತುಂಬ ತಂಗಿ ಎಂದವರು ಮಾಡಿದ್ದಕ್ಕೆ ಹೊಟ್ಟೆ ಉರಿಯುತ್ತದೆ.

ನಾನು ರೇಷ್ಮೆ ಉಡಲಿಲ್ಲ, ಜನಪದ ಕಥೆ ಹೇಳಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯವರೆಗೂ ಕೇಳಿದೆ. ಹೊರಡುವಾಗ ನೀವು ಅತಿಥಿಗಳಿಗೆ ನನ್ನನ್ನೂ ಮಗಳನ್ನೂ ಭಾರತದವರೆಂದು ಪರಿಚಯಿಸಿದಿರಿ. ಭಾರತವನ್ನು ಅವಳು ಕಂಡದ್ದು ಒಂದೇ ಒಂದು ರಜೆಯಲ್ಲಿ. ಕಾರು ಹತ್ತಿದ ಮೇಲೆ ಕೇಳಿದಳು: "ಅಮ್ಮಾ, ಆಮ್ ಐ ನಾಟ್ ಫ್ರಮ್ ವಿನಿಪೆಗ್ ಎನಿಮೋರ್?"

ನನಗೆ ನಿಮ್ಮ ಕ್ಷಮೆ ಬೇಡ. ಮುಂದಿನ ಕಥಾಸಂಜೆಯಲ್ಲಿ ಕಾರಿನ ಕಥೆಯನ್ನು ನಾನು ಓದಬೇಕು, ಕೆನಡಾದ ಕಥೆಗಾರ್ತಿ ಎಂದು ನೀವೇ ಮೈಕಿನಲ್ಲಿ ಪರಿಚಯಿಸಬೇಕು. ಅದಾಗದಿದ್ದರೆ ಈ ಭಾನುವಾರ ಊಟಕ್ಕೆ ಬನ್ನಿ. ಎಂದಿನಂತೆಯೇ ಬಡಿಸುತ್ತೇನೆ. ಉಂಡು ಕೈತೊಳೆದ ಮೇಲೆ ನಿರುಪಮಾಳನ್ನು ಎದುರಿಗೆ ಕೂರಿಸಿಕೊಂಡು, ಹುಟ್ಟಿದ ಊರು ನಿನ್ನದಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ ಹೋಗಿ.

ಇಂತಿ,
ಆ ಫೋನು ಬರುವವರೆಗೆ ನಿಮ್ಮ ತಂಗಿಯಾಗಿದ್ದ
ಸತ್ಯವತಿ
ಸಾಂಟಾ ಕ್ಲಾರಾ, ೧೯೮೬