ಭಾವಜಿಗ ಹೇಳಬ್ಯಾಡ

ಸೊಲ್ಲಾಪುರ
೨೨-೨-೧೯೯೯

ಚಿ. ಸೌ. ಶ್ರೀಲೇಖಾಗ,

ಅಕ್ಕನ ಆಶೀರ್ವಾದ. ನಿಮ್ಮ ಮನಿಯವರಿಗೆ, ಅತ್ತಿಯವರಿಗೆ ನನ್ನ ನಮಸ್ಕಾರ ಹೇಳು. ಹೇಳಾಕ ಮನಸ್ಸಾಗಲಿಲ್ಲಂದ್ರ ಬಿಡು, ನಿನ್ನ ಸಿಟ್ಟು ಇನ್ನೂ ಇಳದಿರಲಿಕ್ಕಿಲ್ಲ. ಈ ಪತ್ರ ಶಿವರಾತ್ರಿಗಿಂತ ಮೊದಲ ಬರೀಬೇಕಾಗಿತ್ತು. ಎರಡು ಸಲ ಬರದು ಹರದು ಒಗದೆ. ಮೊದಲನೇದ್ರಾಗ ಬರೇ ಊರ ಸುದ್ದಿ ಇತ್ತು, ಎರಡನೇದ್ರಾಗ ಬರೇ ಅಳೂದಿತ್ತು. ತಡ ಆದದ್ದಕ್ಕ ಸಿಟ್ಟು ಮಾಡಬ್ಯಾಡ, ಸಿಟ್ಟು ಮಾಡಾಕ ಬ್ಯಾರೆ ಭಾಳ ಅವ.

ಕನ್ನಡ ಬರೀದ ಎಷ್ಟೋ ವರ್ಷ ಆತು. ಒತ್ತಕ್ಷರ ತಪ್ಪಿದ್ರ ತಿದ್ದಿ ಓದು. ಕನ್ನಡದಾಗ ಯಾಕ ಬರೀತೀನಿ ಅಂದ್ರ, ಈ ಮನ್ಯಾಗ ಕನ್ನಡ ಓದಾಕ ಬರೂದು ನನಗೊಬ್ಬಾಕಿಗೆ. ನಿಮ್ಮ ಭಾವಜಿ ಮಾತಾಡತಾರ ಖರೆ, ಸಾಲಿ ಕಲತದ್ದು ಮರಾಠಿ. ಹಿಂಗಾಗಿ ಇದರಾಗಿನ ಮಾತು ನಿನ್ನ ನನ್ನ ನಡುವನ ಉಳೀತದ. ಒಮ್ಮೆರೆ ಉಳೀಲಿ.

ಇಲ್ಲೆ ಎಲ್ಲಾ ಆರಾಮ. ಬಿಸಿಲು ಈಗಿಂದನ ಸುರು ಆಗೇದ. ಅಮೇಯ ಪುಣೆದಾಗ ಹೊಸ ಖೋಲಿ ಹಿಡದಾನ, ನೀರು ದಿನಾ ಬರ್ತದಂತ, ಅದನ್ನ ದೊಡ್ಡ ಸುದ್ದಿ ಮಾಡಿ ಅಪ್ಪಗ ಬರದಾನ. ನಿಮ್ಮ ಭಾವಜಿ ಮುಂದಿನ ತಿಂಗಳ ರಿಟಾಯರ್ ಆಗತಾರ. ಆಮ್ಯಾಲ ದಿನಾ ಪೂರ್ತಿ ಮನ್ಯಾಗ ಕೂತು ನನ್ನ ಸಾರಿನ ತಪ್ಪು ತಗೀತಾರ, ದೇವರ ಕಾಯಬೇಕು.

ಹೋದ ವಾರ ನಿಮ್ಮ ಓಣಿ ಲಕ್ಷ್ಮೀಬಾಯಿ ಚಾದರ ತಗೋಳಾಕ ಬಂದಾಕಿ ನಮ್ಮ ಮನಿಗೂ ಬಂದಿದ್ದಳು. ನೀ ಅಂದದ್ದು ಹೇಳಿದಳು. "ಅಕ್ಕನ ಹೊಟ್ಟ್ಯಾಗ ಒಂದು ಮಾತು ನಿಲ್ಲಲಿಲ್ಲ. ಇನ್ನ ಫೋನೂ ಮಾಡೂದಿಲ್ಲ, ಯಾವ ಡಾಕ್ಟರ್ ಕಡೇನೂ ಹೋಗೂದಿಲ್ಲ" ಅಂದಿಯಂತ. ಆಕಿ ತುಟಿ ನೋಡಿ ತಿಳಕೊಂಡೆ. ತಿಳೀದಂಗ ಮಾಡಿ ಇನ್ನೊಮ್ಮೆ ಹೇಳ್ರಿ ಅಂದೆ, ಆಕಿ ಪಾಪ ಇನ್ನೊಮ್ಮೆ ಹೇಳಿದಳು. ಚಹಾ ಮಾಡಾಕ ಒಳಗ ಹೋದಾಕಿ ಒಲಿ ಹಚ್ಚೂದ ಮರತು ನಿಂತಿದ್ದೆ.

ಲೇಖಾ, ನಿನ್ನ ಮಾತು ನಾ ಯಾರ ಮುಂದೂ ಹೇಳಿಲ್ಲ. ಹೇಳಾಕ ಮೊದಲ ನನಗ ಕೇಳಿಸಿದ್ರಲ್ಲ? ಫೋನಿನೊಳಗ ನಿನ್ನ ಮಾತು ನನಗ ತಿಳಿಯೂದಿಲ್ಲ. ಒಂದು ದಿನಾನೂ ತಿಳಿದಿಲ್ಲ. ಇಷ್ಟು ತಿಂಗಳ ನೀ ಮಾತಾಡಿದ್ದು ನನ್ನ ಜೋಡಿ ಅಲ್ಲ.

ಹೆಂಗ ಅಂತ ಬರೀತೀನಿ, ಮುಖ ಎದುರಿಗಿದ್ದಿದ್ರ ಹೇಳಾಕ ಆಗತಿರಲಿಲ್ಲ. ಜ್ವರದಾಗ ಎರಡೂ ಕಿವಿ ಹೋಗಿ ಒಂಬತ್ತು ವರ್ಷ ನಾ ಗ್ವಾಡಿ ಇದ್ದಂಗ ಇದ್ದೆ, ನಿನಗ ಗೊತ್ತಿದ್ದದ್ದ. ಅಮೇಯ ಮುಂಬೈಗೆ ಕರಕೊಂಡು ಹೋಗಿ ಆಪರೇಶನ್ ಮಾಡಿಸಿದ. ಕಿವಿ ಹಿಂದ ಬುರುಡ್ಯಾಗ ಒಂದು ಮಶೀನು ಕೂಡಸಿದ್ರು, ಸೊಂಟಕ್ಕ ಒಂದು ಡಬ್ಬಿ, ಡಬ್ಬಿಯಿಂದ ಸೆರಗಿನೊಳಗ ಹಾದು ಬರೂ ವಾಯರು, ಅದರ ತುದಿಗೆ ಚುಂಬಕದ ಬಿಲ್ಲಿ, ಕೂದಲದ ಮ್ಯಾಲ ತಾನ ಹತಗೊಂಡು ಕೂಡತದ. ನೀ ನೋಡಾಕ ಬಂದಾಗ "ಅಕ್ಕಾ, ತಲಿಗೆ ಫ್ಯಾನಿನ ಸ್ವಿಚ್ ಹಾಕಿಸಿಕೊಂಡೀಯಲ್ಲ" ಅಂತ ಚೇಷ್ಟಿ ಮಾಡಿದ್ದಿ. ಎದುರು ಕೂತ್ರ ನಾ ತುಟಿ ನೋಡತೀನಿ, ಉಳದದ್ದು ಮಶೀನು ತುಂಬತದ, ಎರಡೂ ಕೂಡಿ ಒಂದು ಮಾತು ಆಗತದ. ಫೋನಿಗೆ ತುಟಿ ಎಲ್ಲಿಂದ ತರಲಿ?

ಮುಂಬೈದಾಗ ಕೇಳೂದು ಕಲಸೂ ಮೇಡಂ ಹೇಳೇ ಕಳಿಸಿದ್ರು. "ಫೋನಿಗೆ ಅವಸರ ಮಾಡಬ್ಯಾಡ್ರಿ. ಮೊದಲ ಮನಿ ಮಂದಿ ಜೋಡಿ, ಗೊತ್ತಿದ್ದ ಮಾತು. ನೀವ ಪ್ರಶ್ನೆ ಕೇಳ್ರಿ, ಅವರು ಹೌದು ಇಲ್ಲ ಅನ್ನಲಿ, ಅಷ್ಟ ಸಾಕು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಬಾಯಿಬಿಟ್ಟು ಹೇಳ್ರಿ. ಹಾಡು ಎಲ್ಲಾಕ್ಕಿಂತ ಕಡೀಕ." ಅಷ್ಟು ಓದಿದಾಕಿ ಅಷ್ಟು ಚಂದಾಗಿ ಹೇಳಿದ್ದನ್ನ ನಾ ಕೇಳಲಿಲ್ಲ. ಯಾಕಂದ್ರ ನೀ ಅಕ್ಕಲಕೋಟದಾಗ ಸ್ವಾಮಿ ಸಮರ್ಥರಿಗೆ ಹರಕಿ ಹೊತ್ತು ಕೂತಿದ್ದಿ, ಅಕ್ಕ ಫೋನಿನೊಳಗ ನನ್ನ ಧ್ವನಿ ಕೇಳೂ ತನಕ ಸಿಹಿ ಮುಟ್ಟೂದಿಲ್ಲ ಅಂತ. ನಿನ್ನ ಮಗನ ಮುಂಜಿವಿ ಒಳಗೂ ನೀ ಒಂದು ತುಣುಕು ಹೋಳಗಿ ಬಾಯಾಗ ಹಾಕಲಿಲ್ಲಂತ.

ಮೊದಲ ಸಲ ನೀ ಫೋನ್ ಮಾಡಿದಾಗ ನಾ ಪಡಸಾಲ್ಯಾಗಿನ ಫೋನು ಎತ್ತಿದೆ. ಒಳಗಿನ ಖೋಲ್ಯಾಗ ಪ್ಯಾರಲಲ್ ಫೋನು ಅದ ನೋಡು, ಅದನ್ನ ಇವರು ಎತ್ತಿದ್ರು. ನನಗ ಕೇಳಿಸಿದ್ದು ರೇಡಿಯೋ ಸ್ಟೇಶನ್ ಹತ್ತದಿದ್ದಾಗ ಬರ್ತದಲ್ಲ, ಆ ಗೊರಗೊರ. ಇವರು ಬಾಗಲದಾಗಿಂದ ತುಟಿ ಅಲ್ಲಾಡಿಸಿದ್ರು, ಕೇಳತದೇನು ಅಂತ ಕೇಳಾಕತ್ತಾಳ ಅಂತ. ನಾ ಏನನ್ನಲಿ? "ಕೇಳಾಕತ್ತದ ಲೇಖಾ, ಸ್ವಚ್ಛ ಕೇಳಾಕತ್ತದ" ಅಂದೆ. ನಿನಗಾದ ಸಂತೋಷ ನನಗ ಕಂಡದ್ದು ಇವರ ಮುಖದಾಗ. ಮುಂದಿನ ಗುರುವಾರಕ್ಕ ಪೇಢೆದ ಡಬ್ಬಿ ಬಂತು. ಓಣಿಗೆಲ್ಲಾ ಹಂಚಿದೆ, ನಾನೂ ಒಂದು ತಿಂದೆ.

ಒಂದು ಸುಳ್ಳಿಗೆ ಹತ್ತು ಸುಳ್ಳು ಬೆನ್ನು ಹತ್ತತಾವ ಅಂತಾರ. ಇವರು ಅಂಗಡಿಯಿಂದ ಪಾಟಿ ಖಡು ತಂದ್ರು. ಗುರುವಾರ ಸಂಜಿಗೆ ನಾ ಇಲ್ಲೆ, ಇವರು ಅಲ್ಲೆ, ನಡುವ ಬಾಗಲ ತಗದು ಎದುರಾಬದುರು ಕೂಡೂದು. ನೀ ಹೇಳಿದ್ದು ಇವರು ಪಾಟಿ ಮ್ಯಾಲ ಬರದು ಎತ್ತಿ ತೋರಸೂದು, ನಾ ಓದಿ ಉತ್ತರ ಕೊಡೂದು. ಜನ್ಮ ಎಲ್ಲಾ ಕಚೇರಿಯೊಳಗ ಟಿಪ್ಪಣಿ ಬರದ ಮನಿಷ್ಯಾ. ನೀ ಅರ್ಧಾ ತಾಸು ಅತ್ತಿ ಜಗಳ ಹೇಳಿದ್ರ ಪಾಟಿ ಮ್ಯಾಲ "ಸಾಸೂ, ಭಾಂಡಣ, ಮಿಟಲಂ" ಅಂತ ಮೂರ ಶಬ್ದ. ಅತ್ತಿ, ಜಗಳ, ಮುಗೀತು. ನೀ ಕನ್ನಡದಾಗ ಹೊಟ್ಟಿ ಬಿಚ್ಚಿ ಹೇಳಿಕೊಂಡದ್ದು ನನಗ ಮರಾಠಿಯೊಳಗ ಹಿಂಗ ಮುಟ್ಟತಿತ್ತು. ನಾ ಅದಕ್ಕ ಅಂದಾಜಿಲೆ "ಅಯ್ಯ ಬಿಡ, ವಯಸ್ಸಾಗೇದ ಅವರಿಗೆ" ಅಂತಿದ್ದೆ. "ಅಕ್ಕಾ, ನಿನ್ನಂಗ ಯಾರೂ ಕೇಳೂದಿಲ್ಲ" ಅಂದಿದ್ದಿಯಂತ ನೀ ಒಂದು ಸಲ. ಅದನ್ನ ಮಾತ್ರ ಇವರು ಪೂರ್ತಿ ಬರದ್ರು.

ಹಾಡಿಂದು ಇನ್ನೂ ನಾಚಿಗೇಡು. ಅವ್ವ ಬೀಸೂ ಕಲ್ಲಿನ ಮುಂದ ಹಾಡತಿದ್ದ ಹಾಡು ನೀ ಫೋನಿನೊಳಗ ಹಾಡಿದಿ. ನನಗ ಕೇಳಿಸಿದ್ದು ತಗಡಿನ ಪೆಟಗಿ ಫರಶಿ ಮ್ಯಾಲ ಎಳದಂಗ. ಮ್ಯಾಲ ಹೋದಿಯೋ ಕೆಳಗ ಬಂದಿಯೋ ಒಂದೂ ತಿಳೀಲಿಲ್ಲ, ತಾಳ ಒಂದ ತಿಳೀತು. ಇವರು ಹಾಡು ಮುಗದದ್ದಕ್ಕ ಬಟ್ಟು ಎತ್ತಿದ್ರು, ನಾ "ಕಂಠ ಹಂಗ ಅದ ನೋಡ, ಒಂದೀಟೂ ಹರದಿಲ್ಲ" ಅಂದೆ. ಅದನ್ನ ಕೇಳಿ ನೀ ಮಠದಾಗ ಭಜನಿ ಮಂದಿಗೆಲ್ಲಾ ಹೇಳಿದಿ. ಕ್ಯಾಸೆಟ್ ತುಂಬ ಹಾಡಿ ಕಳಿಸಿದಿ. ಬಂದವರ ಮುಂದ ಅದನ್ನ ಹಚ್ಚಿ ನಾ ತಲಿ ಆಡಸೂದು, ಅವರು ನನ್ನ ತಲಿ ನೋಡಿ ಕಣ್ಣೀರು ತಗಿಯೂದು.

ಈಗ ಅವತ್ತಿಂದು. ಫೆಬ್ರುವರಿ ಮೊದಲನೇ ಗುರುವಾರ. ನೀ ಮನೀಂದ ಮಾಡಲಿಲ್ಲ, ಎಸ್.ಟಿ.ಡಿ. ಬೂತಿನಿಂದ ಮಾಡಿದ್ದಿ. ಮೊದಲ ಇವರು ಬರದದ್ದು: "ಭಾವಜೀಂನಾ ಸಾಂಗೂ ನಕೋ." ಭಾವಜಿಗ ಹೇಳಬ್ಯಾಡ. ಭಾವಜೀನ ಅದನ್ನ ಬರದು, ಭಾವಜೀನ ಎತ್ತಿ ಹಿಡದ್ರು. ನನಗ ಅನಿಸಿದ್ದು, ಇವರ ರಿಟಾಯರ್‌ಮೆಂಟಿಗೆ ನೀ ಗುಟ್ಟಲೆ ಶಾಲು ಗೀಲು ತರಾಕತ್ತಿ ಅಂತ. ಆಮ್ಯಾಲ ಇವರು ಬರೀಲಿಲ್ಲ. ನಡುವಿಂದು ಇರಲಿ. ಫೋನ್ ಇಟ್ಟ ಮ್ಯಾಲ ನನ್ನ ಎದುರು ಬಂದು ಕೂತು, ತುಟಿ ಸಾವಕಾಶ ಅಲ್ಲಾಡಿಸಿ ಹೇಳಿದ್ರು. ಎದಿಯೊಳಗ ಗಂಟು ಅದ. ದೀಪಾವಳಿಯಿಂದ ಅದ. ಗಂಡಗೂ ಹೇಳಿಲ್ಲ. ಅಕ್ಕ ಒಬ್ಬಾಕೀನ ಸೊಲ್ಲಾಪುರದಾಗ ಲೇಡಿ ಡಾಕ್ಟರ್ ಬಾಯಿ ಕಡೆ ಕರಕೊಂಡು ಹೋಗಬೇಕು. ಹೇಳೂವಾಗ ಇವರು ನನ್ನ ಮುಖ ನೋಡಲಿಲ್ಲ, ನೆಲ ನೋಡಿ ಹೇಳಿದ್ರು, ನಾನ ಗದ್ದ ಹಿಡದು ಮುಖ ಎತ್ತಿ ತುಟಿ ನೋಡಬೇಕಾತು. ನಿನ್ನ ಎದಿ ಮಾತು ನನಗ ನನ್ನ ಗಂಡನ ಬಾಯಿಂದ ತಿಳೀತು. ಅದಕ್ಕಿಂತ ಹೆಚ್ಚಿನ ನಾಚಿಕಿ ಯಾವ ಹೆಣ್ಣಮಗಳಿಗೂ ಬರಬಾರದು, ನಿನಗೂ, ನನಗೂ.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಇವರು ಅಕ್ಕಲಕೋಟಕ್ಕ ಬಂದ್ರು. ದೀಪಾವಳಿಯಿಂದ ಅದ ಅಂದ್ರ ಇನ್ನ ಕಾಯಬಾರದು ಅಂತ ಅವರ ಜೀವ ತಡೀಲಿಲ್ಲ, ನಿಮ್ಮ ಮನಿಯವರ ಮುಂದ ಹೇಳಿಬಿಟ್ರು. ನಿಮ್ಮ ಮನಿಯವರು "ನಿಮಗ ಹೆಂಗ ಗೊತ್ತಾತು" ಅಂದ್ರಂತ. "ಗೋಪಿಕಾ ಹೇಳಿದಳು" ಅಂದು ಬಂದ್ರು. ನನ್ನ ಸುಳ್ಳು ಮುಚ್ಚಾಕ ಅಷ್ಟು ನೆಟ್ಟಗಿನ ಮನಿಷ್ಯಾ ಒಂದು ಸುಳ್ಳು ಹೇಳಿದ್ರು. ನಾನೂ ಸುಮ್ಮನಿದ್ದೆ. ಚಾಡಿಕೋರಿ ಅಂದ್ರ ಅನ್ನಲಿ, ಇನ್ನೂ ಕಿವುಡಿ ಅಂತ ಗೊತ್ತಾಗೂದು ಬ್ಯಾಡ ಅಂತ. ನೋಡು, ನಿನ್ನ ಜೀವಕ್ಕಿಂತ ನನ್ನ ಮಶೀನಿನ ಮರ್ಯಾದಿ ನನಗ ದೊಡ್ಡದಾತು.

ಈಗ ಮೇಡಂ ಹೇಳಿದಂಗ ಕಲಿಯಾಕತ್ತೀನಿ. ಇವರು ಓಣಿ ತುದಿ ನಾಕ್ಯಾದ ಬೂತಿಗೆ ಹೋಗಿ ಮನಿಗೆ ಫೋನ್ ಮಾಡತಾರ. ನಾ ಕೇಳತೀನಿ, ಕಾಯಿಪಲ್ಯ ಸಿಕ್ತೇನು? ಅವರು ಒಂದು ಸಲ "ಇಲ್ಲ" ಅನ್ನಬೇಕು, ಇಲ್ಲಾ ಮೂರು ಸಲ "ಸಿಕ್ತು" ಅನ್ನಬೇಕು. ಮೊದಲ ಮೊದಲ ನಡುವ ಮಸಾಲಿ ಹಾಕಿ ಭಾಷಣ ಬಿಗೀತಿದ್ರು, ನಾ "ತಿಳೀಲಿಲ್ಲ, ಇಡ್ರಿ" ಅಂತ ಫೋನ್ ಇಟ್ಟುಬಿಡತಿದ್ದೆ. ಈಗ ತಿಳೀತದ. ಹಾಡೂ ಹಂಗ. ಅವ್ವನ ಹಾಡಿನ ಸಾಲು ನೆಪ್ಪು ಮಾಡಿ ಹಾಳಿ ಮ್ಯಾಲ ಬರಕೊಂಡು, ಬಟ್ಟು ಇಟಗೊಂಡು ನಿನ್ನ ಕ್ಯಾಸೆಟ್ ಕೇಳತೀನಿ. ಧ್ವನಿ ನಿಂದು ಅಂತ ಇನ್ನೂ ಅನಸವಲ್ದು. ಆದ್ರ ಯಾವ ಸಾಲು ಎಲ್ಲಿ ಸುರು ಆತು ತಿಳೀತದ, ಎಲ್ಲಿ ಉಸುರು ತಗೋತಿ ಅದೂ ತಿಳೀತದ. ಮೂರನೇ ಸಾಲಿನೊಳಗ ನೀ ನನ್ನ ಕಿವಿ ಚಲೋ ಇದ್ದಾಗಿನಕಿಂತ ಲಗೂ ಉಸುರು ತಗೋಳಾಕತ್ತಿ. ಅದು ತಿಳದಾಗಿಂದ ನನಗ ಕೂತಲ್ಲೆ ಕೂಡಾಕ ಆಗವಲ್ದು.

ನನ್ನ ಮ್ಯಾಲಿನ ಸಿಟ್ಟು ನಿನ್ನ ಮೈ ಮ್ಯಾಲ ತೀರಸಬ್ಯಾಡ, ನಿನ್ನ ಕಾಲಿಗೆ ಬೀಳತೀನಿ. ಸಣ್ಣಾಕಿ ಕಾಲಿಗೆ ದೊಡ್ಡಾಕಿ ಬೀಳಬಾರದು ಅಂತಾರ, ಅನ್ನಲಿ. ಒಳಗಿನ ಫೋನಿನ ವಾಯರು ಕೀಳಿಸೀನಿ. ಈ ಗುರುವಾರ ಸಂಜಿಮುಂದ ಫೋನ್ ಮಾಡು. ಇವರನ್ನ ಹೊರಗ ಕಳಸತೀನಿ, ಮನ್ಯಾಗ ನಾ ಒಬ್ಬಾಕೀನ ಇರತೀನಿ. ನಾ ಒಂದ ಮಾತು ಕೇಳತೀನಿ, ಡಾಕ್ಟರ್ ಬಾಯಿ ಕಡೆ ನನ್ನ ಜೋಡಿ ಬರತೀಯೇನು ಅಂತ. ಬರೂದಿದ್ರ ಮೂರು ಸಲ "ಬರತೀನಿ" ಅನ್ನು. ಬರೂದಿಲ್ಲಂದ್ರ ಒಂದು ಸಲ "ಇಲ್ಲ" ಅನ್ನು. ಅಷ್ಟು ನನಗ ಖರೇನ ತಿಳೀತದ. ಬ್ಯಾರೆ ಏನರ ಅಂದ್ರ ತಿಳೀಲಿಲ್ಲ ಅಂತೀನಿ. ಬೈಯೂದಿದ್ರ ಇಲ್ಲಿಗೆ ಬಂದು ಎದುರು ಕೂತು ಬೈ, ತುಟಿ ಕಾಣೂವಂಗ.

ಸ್ವಾಮಿ ಸಮರ್ಥರು ನಿನ್ನ ಬೆನ್ನಿಗೆ ಇರಲಿ. ಮುತ್ತೈದಿಯಾಗಿ, ಮಕ್ಕಳ ಲಗ್ನ ನಿನ್ನ ಕೈಲೆ ಮಾಡಿ, ನನಗಿಂತ ಹೆಚ್ಚು ಬಾಳು.

ನಿನ್ನ ಅಕ್ಕ,
ಗೋಪಿಕಾ

ತಾ. ಕ. ಲಕೋಟಿ ಅಂಟಿಸಿದಾಕಿ ಮತ್ತ ಬಿಚ್ಚೀನಿ. ನಡುವಿಂದು ಇರಲಿ ಅಂತ ಮ್ಯಾಲ ಬರದೆ, ಇರಲಿ ಅಂದ್ರ ಇರವಲ್ದು. ಲಕ್ಷ್ಮೀಬಾಯಿ ಮುಂದ ನೀ ಇದನ್ನ ಹೇಳಿಲ್ಲ, ಯಾರ ಮುಂದೂ ಹೇಳಿರಲಿಕ್ಕಿಲ್ಲ, ನಿನ್ನ ದೊಡ್ಡಸ್ತನ. ಅವತ್ತ ಇವರು ಖಡು ಕೆಳಗಿಟ್ಟು ತಲಿ ಬಗ್ಗಿಸಿದ್ರು, ಭುಜಾ ಅಲ್ಲಾಡತಿದ್ವು. ನನ್ನ ಕಣ್ಣ ಮುಂದ ಪಾಟಿ ಮ್ಯಾಲ "ಭಾವಜಿಗ ಹೇಳಬ್ಯಾಡ" ಅನ್ನೂದು ಒಂದ ಇತ್ತು. ಕಿವ್ಯಾಗ ತಡದು ತಡದು ಒಂದು ಸಪ್ಪಳ ಬರಾಕತ್ತಿತ್ತು. ಈ ಮಶೀನಿನೊಳಗ ನಗೂದೂ ಅಳೂದೂ ಒಂದ ನಮೂನಿ ಕೇಳತದ, ಲೇಖಾ. ನೀ ಶಾಲಿನ ಗುಟ್ಟು ಹೇಳಿ ನಗಾಕತ್ತಿ, ಇವರೂ ಅದಕ್ಕ ನಗು ತಡಕೊಳ್ಳಾಕತ್ತಾರ ಅಂತ ತಿಳಕೊಂಡು ನಾ ನಕ್ಕೆ. ನಿನ್ನ ಸಪ್ಪಳ ನಿಲ್ಲೂ ತನಕ ನಕ್ಕೆ. ನೀ ಫೋನ್ ಇಟ್ಟ ಮ್ಯಾಲ ಇವರಿಗೆ ಅಂದೆ, "ಲೇಖಾ ಭಾಳ ದಿವಸದ ಮ್ಯಾಲ ಇಷ್ಟು ನಕ್ಕಳು ನೋಡ್ರಿ" ಅಂತ.